ಬೆಂಚಿನ ಮೇಲಿನ ಕೆಂಪು ಗೆರೆಗಳು

ಹೋದ ತಿಂಗಳು ಸಂಡೂರಿನಲ್ಲಿ ಅಕ್ಕನ ಮೊಮ್ಮಗಳ ನಾಮಕರಣ ಮುಗಿಸಿಕೊಂಡು ಕಂಪ್ಲಿಗೆ ವಾಪಸಾಗುತ್ತಿದ್ದೆ. ಹೊಸಪೇಟೆ ಇನ್ನೇನು ಬಂತು ಅನ್ನುವಾಗ ಬಸ್ಸು ನಿಧಾನವಾಯಿತು. ರಸ್ತೆ ನಡುವಿನ ಗಿಡಗಳಿಗೆ ಟ್ಯಾಂಕರಿನಿಂದ ನೀರು ಬಿಡುತ್ತಿದ್ದರು. ಎಲೆಗಳ ಮೇಲಿನ ಧೂಳು ನೆನೆದು, ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಮಳೆ ಬಿದ್ದ ಮಣ್ಣಿನ ವಾಸನೆಯಲ್ಲ ಅದು, ಒದ್ದೆ ಕಬ್ಬಿಣದ್ದು. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಎದ್ದು ನಿಂತು, ಇಲ್ಲೇ ಇಳೀತೀನಿ ಎಂದು ಕಂಡಕ್ಟರನಿಗೆ ಹೇಳಿದೆ. ಅವನು ನನ್ನನ್ನೂ ನನ್ನ ಚೀಲವನ್ನೂ ಮೇಲಿಂದ ಕೆಳಗೆ ನೋಡಿದ. "ಇಲ್ಲೇನೈತ್ರಿ ಅಮ್ಮಾ, ಬರೇ ಪಾರ್ಕು" ಅಂದ. ಆ ಪಾರ್ಕಿಗಾಗಿಯೇ ಇಳಿದೆ.

ಅದಿರಿನ ಭರಾಟೆಯ ಕಾಲದಲ್ಲಿ ನಾನು ಅದೇ ಪಾರ್ಕಿನ ಮೇಲ್ವಿಚಾರಕಿಯಾಗಿದ್ದೆ. ಒಂದೇ ವರ್ಷದ ಪೋಸ್ಟಿಂಗ್. ಪಾರ್ಕಿನ ಅರ್ಧ ಭಾಗ ಊರಿಗೆ ಸೇರಿದ ಹಾಗಿತ್ತು: ಹುಲ್ಲುಹಾಸು, ಕಾಬಾಳೆ ಹೂವಿನ ಪಾತಿ, ಜೋಕಾಲಿ, ಸಿಮೆಂಟಿನ ಬೆಂಚು. ಇನ್ನರ್ಧ ಯಾರಿಗೂ ಸೇರಿದ್ದಲ್ಲ. ಅಲ್ಲಿ ನೆಲ ಮೇಲೇರುತ್ತ ಹೋಗಿ ಕಲ್ಲುಗುಡ್ಡವಾಗುತ್ತಿತ್ತು. ಮನೆಯಷ್ಟು ದೊಡ್ಡ ಬಂಡೆಗಳು, ಸಂದಿಯಲ್ಲಿ ಕಾರೆ ಕಂಟಿ, ಸೀತಾಫಲ, ಜಾಲಿ. ಉಡ, ಮುಂಗುಸಿ, ಗೌಜಲಹಕ್ಕಿ ಅಲ್ಲಿದ್ದವು. ಬೇಸಿಗೆಯ ಬೆಳಗ್ಗೆ ನವಿಲು ನಲ್ಲಿಯ ಕೆಳಗಿನ ಗುಂಡಿಗೆ ಬಂದು ನೀರು ಕುಡಿದು ಹೋಗುತ್ತಿತ್ತು. ಸಂಡೂರಿನ ಗುಡ್ಡಗಳಲ್ಲಿ ಗಣಿ ಸಿಡಿತದ ಸದ್ದು ಹೆಚ್ಚಾದಂತೆ ಇಲ್ಲಿ ಪ್ರಾಣಿಗಳು ಹೆಚ್ಚಾಗುತ್ತಿವೆ ಎಂಬುದು ನನ್ನ ಗುಮಾನಿ. ಆ ಕಡೆಯನ್ನೂ ಸಮ ಮಾಡಿಸಿ ಹುಲ್ಲು ಹಾಕಿಸಿ ಎಂದು ಆಫೀಸಿನಲ್ಲಿ ಆಗಾಗ ಹೇಳುತ್ತಿದ್ದರು. ನೀರಿನ ತೊಂದರೆ ಇದೆ, ಕೂಲಿಯವರು ಸಿಗುತ್ತಿಲ್ಲ ಎಂದು ನಾನು ಮುಂದೂಡುತ್ತಿದ್ದೆ. ಎರಡೂ ಸುಳ್ಳೇನಲ್ಲ. ಗುದ್ದಲಿ ಹಿಡಿಯುವವರೆಲ್ಲ ಗಣಿಗೆ ಹೋಗಿದ್ದರು.

ಪಾರ್ಕಿನ ಮುಂದೆಯೇ ಅದಿರಿನ ಲಾರಿಗಳು. ಒಂದರ ಬಾಲ ಹಿಡಿದು ಇನ್ನೊಂದು, ಹಗಲೆಲ್ಲ. ಗಾಳಿ ಬೀಸಿದರೆ ಮಲ್ಲಿಗೆ ಗಿಡವೂ ಕೆಂಪು, ಜೋಕಾಲಿಯೂ ಕೆಂಪು, ಆಡಿದ ಮಕ್ಕಳ ಚಡ್ಡಿಯೂ ಕೆಂಪು. ದಿನಾ ಬೆಳಗ್ಗೆ ಪೈಪು ಹಿಡಿದು ಎಲೆ ತೊಳೆಯುವುದು ನಮ್ಮ ಮೊದಲ ಕೆಲಸ. ಬೇರೆ ಊರಿನ ಮಾಲಿಗಳು ಬೇರಿಗೆ ನೀರು ಹಾಕುತ್ತಾರೆ, ನಾವು ನೆತ್ತಿಗೆ ಹಾಕುತ್ತಿದ್ದೆವು. ಮಾಲಿ ಹುಲಿಗೆಮ್ಮ ಬಂಡ್ರಿ ಕಡೆಯವಳು. ವಯಸ್ಸಿನಲ್ಲಿ ನನಗಿಂತ ಹಿರಿಯಳು, ಮಾತಿನಲ್ಲಿ ಖಾರ. "ಇವೇನು ಗಿಡ ಅಲ್ರಿ ಅಮ್ಮಾರೆ, ಗಣ್ಯಾಗಿಂದ ಬಂದ ಕೂಲಿಯೋರು. ದಿನಾ ಜಳಕ ಮಾಡಿಸ್ಬೇಕು" ಅನ್ನುತ್ತಿದ್ದಳು.

ಧೂಳಿಗಿಂತ ದಟ್ಟವಾಗಿದ್ದದ್ದು ಅನುಮಾನ. ಆ ವರ್ಷ ಹೊಸಪೇಟೆಯಲ್ಲಿ ಯಾರೂ ಸುಮ್ಮನೆ ಬಗ್ಗಿ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುವಂತಿರಲಿಲ್ಲ. ಏನೋ ಸಿಕ್ಕಿತು ಅಂತ ಹತ್ತು ಜನ ನೋಡುತ್ತಿದ್ದರು. ಹೊಲದ ಮೇಲೆ ಬಿದ್ದ ಕಲ್ಲನ್ನೇ ಲಾರಿಗೆ ತುಂಬಿ ಮಾರಿ ಜನ ಮನೆ ಕಟ್ಟಿಸಿದ್ದರು. ಹಾಗಾಗಿ ಟೇಪು ಹಿಡಿದು ಯಾರಾದರೂ ಜಾಗ ಅಳೆದರೆ ಅಲ್ಲಿ ಅದಿರಿದೆ ಎಂದೇ ಅರ್ಥ. ನನ್ನ ಮನೆ ಮಾಲೀಕರು ಬಚ್ಚಲು ದುರಸ್ತಿಗೆ ಅಂಗಳ ಅಗೆಸಿದರೆ ಪಕ್ಕದವರು ತಮ್ಮ ಅಂಗಳವನ್ನೂ ಅಗೆಸಿ ನೋಡಿದರು. ನಾನೂ ಆ ಗಾಳಿಯನ್ನೇ ಉಸಿರಾಡುತ್ತಿದ್ದೆನಲ್ಲ. ಯಾರಾದರೂ ನಕ್ಕು ಮಾತಾಡಿಸಿದರೆ, ಇವರಿಗೆ ಏನು ಬೇಕಿದೆ ಎಂದೇ ಮೊದಲು ಯೋಚಿಸುತ್ತಿದ್ದೆ.

ಅನುಮಾನಕ್ಕೆ ಅತಿ ಯೋಗ್ಯರಾಗಿ ನನಗೆ ಕಂಡವರು ವೆಂಕೋಬರಾಯರು. ಒಂದು ಗಣಿಯ ಲ್ಯಾಬಿನಲ್ಲಿ ಕಲ್ಲು ಪರೀಕ್ಷೆ ಮಾಡಿ ನಿವೃತ್ತರಾದವರು. ಬೆಳಗ್ಗೆ ಸಂಜೆ ವಾಕಿಂಗು. ಹಣೆಯಲ್ಲಿ ಅಂಗಾರ ಅಕ್ಷತೆ, ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಛತ್ರಿ. ಬೇರೆಯವರು ಹುಲ್ಲುಹಾಸು ಸುತ್ತಿದರೆ ಇವರು ಗುಡ್ಡದ ಕಡೆಗೇ ಹೋಗಿ ನಿಲ್ಲುತ್ತಿದ್ದರು. ಛತ್ರಿಯ ತುದಿಯಿಂದ ಕಲ್ಲು ಹೊರಳಿಸುತ್ತಿದ್ದರು. ಏನ್ ನೋಡ್ತಿದೀರಿ ರಾಯರೇ ಎಂದು ಕೇಳಿದರೆ, "ಏನಿಲ್ಲವಾ, ಹಳೇ ಚಟ" ಅನ್ನುತ್ತಿದ್ದರು. ಏನಿಲ್ಲ ಎನ್ನುವವರನ್ನು ಆ ವರ್ಷ ನಂಬಲು ಸಾಧ್ಯವೇ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಹುಲಿಗೆಮ್ಮ ಪೈಪು ಹಾಗೇ ಬಿಟ್ಟು ನನ್ನ ಬಳಿ ಬಂದಳು. ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹೆಬ್ಬೆರಳಿನ ಗಾತ್ರದ ಬೂದು ಉಂಡೆ. ಒಡೆದರೆ ಇಲಿಯ ಕೂದಲು, ಸಣ್ಣ ದವಡೆ, ಹಲ್ಲು. ನಾನು ಅವಳ ಹಿಂದೆ ಗುಡ್ಡದ ಮೂಲೆಗೆ ಹೋದೆ. ಎರಡು ದೊಡ್ಡ ಬಂಡೆ ಒಂದರ ಮೇಲೊಂದು ಕುಳಿತು ನಡುವೆ ದೀಪ ಇಡುವ ಮಾಡಿನಂಥ ಜಾಗ. ಅದರಲ್ಲಿ ಬಂಡೆಯದೇ ಬಣ್ಣದ ಕೊಂಬಿನ ಗೂಬೆ ಕೂತಿತ್ತು, ಆ ಉಂಡೆ ಅದು ತಿಂದು ಕಕ್ಕಿದ್ದು. ಕಿತ್ತಳೆ ಬಣ್ಣದ ಕಣ್ಣು ಅರೆ ಬಿಟ್ಟು ನಮ್ಮನ್ನು ನೋಡಿ ಮತ್ತೆ ಮುಚ್ಚಿತು. ಹೊಟ್ಟೆಯ ಕೆಳಗೆ ಬಿಳಿ ಹತ್ತಿಯಂಥ ಎರಡು ಮರಿ ಅಲುಗಾಡಿದವು. ನನಗೆ ಎಷ್ಟು ಸಂತೋಷವಾಯಿತೆಂದರೆ ಹುಲಿಗೆಮ್ಮನ ಕೈ ಗಟ್ಟಿಯಾಗಿ ಹಿಡಿದುಬಿಟ್ಟಿದ್ದೆ. ಅವಳ ಕೈ ತಣ್ಣಗಿತ್ತು.

"ಯಾರ ಮುಂದೂ ಅನಬ್ಯಾಡ್ರಿ" ಅಂದಳು. "ಗೂಗಿ ಐತಿ ಅಂದ್ರ ಅರ್ಧ ಮಂದಿ ಕಲ್ಲು ತಗೋತಾರ, ಮನಿ ಹಾಳಾಗ್ತಾವ ಅಂತ. ಉಳಿದ ಅರ್ಧ ಚೀಲ ತರ್ತಾರ. ನಮ್ಮೂರಾಗ ಒಬ್ಬಾವ ಅಮಾಸಿಗೆ ನಿಧಿ ಪೂಜಿ ಮಾಡ್ತೀನಂತ ಜೀವಂತ ಗೂಗಿ ತಂದಿದ್ದ. ಆಮ್ಯಾಲ ಅದರ ಪುಕ್ಕ ಅಷ್ಟ ಸಿಕ್ಕಿದ್ದು."

ಸಂಬಂಧಪಟ್ಟ ಕಚೇರಿಗೆ ಹೇಳೋಣವೇ ಎಂದು ಯೋಚಿಸಿದೆ. ಆದರೆ ಒಂದು ಕಿವಿಗೆ ಬಿದ್ದದ್ದು ಸಂಜೆಗೆ ಬಸ್‌ಸ್ಟ್ಯಾಂಡಿನಲ್ಲಿರುತ್ತದೆ. ಮರಿಗಳು ಹಾರುವವರೆಗೆ ಆ ಮೂಲೆಗೆ ಯಾರೂ ಹೋಗಬಾರದು, ಕಾರಣವೂ ಯಾರಿಗೂ ತಿಳಿಯಬಾರದು. ಅಷ್ಟೇ ಆಗಬೇಕಿದ್ದದ್ದು. ಜಾಲಿ ಮುಳ್ಳು ಕಡಿಸಿ ಬೇಲಿ ಹಾಕಿಸಿದೆ. ಜನ ದೂರ ನಿಲ್ಲಲಿ ಅಂತ ಬೇಲಿಯ ಮುಂದೆ ಸುಣ್ಣದ ಗೆರೆ ಎಳೆಸಿದೆ. ಸ್ಟೋರ್ ರೂಮಿನಲ್ಲಿ ಒಂದು ಹಳೇ ಬೋರ್ಡು ಬಿದ್ದಿತ್ತು, "ಕಾಮಗಾರಿ ಪ್ರಗತಿಯಲ್ಲಿದೆ, ಪ್ರವೇಶ ನಿಷೇಧಿಸಿದೆ" ಅಂತ. ಅದನ್ನೂ ನೆಡಿಸಿದೆ. ಬುದ್ಧಿವಂತಿಕೆ ಮಾಡಿದೆ ಎಂದುಕೊಂಡು ಆ ಸಂಜೆ ಗೇಟಿನ ಮುಂದೆ ಒಗ್ಗರಣಿ ಮಿರ್ಚಿ ತಿಂದು ಮನೆಗೆ ಹೋದೆ.

ಬೇಲಿ, ಸುಣ್ಣದ ಗೆರೆ, ಯಾವ ಕೆಲಸವೂ ನಡೆಯದ ಕಾಮಗಾರಿ ಬೋರ್ಡು. ಬೇರೆ ಯಾವ ಊರಿನಲ್ಲಾದರೂ ಜನ ಒಮ್ಮೆ ನೋಡಿ ಮರೆತುಬಿಡುತ್ತಿದ್ದರು. ಸಂಡೂರು ರಸ್ತೆಯ ಮೇಲೆ, ಆ ವರ್ಷ, ಅದರ ಅರ್ಥ ಒಂದೇ. ಪಾರ್ಕಿನ ಕೆಳಗೆ ಅದಿರು ಬಿದ್ದಿದೆ, ಯಾರೋ ದೊಡ್ಡವರು ಗುಟ್ಟಾಗಿ ಗಡಿ ಗುರುತು ಹಾಕಿಸಿದ್ದಾರೆ, ಆ ದೊಡ್ಡವರ ಕಡೆಯವಳು ನಾನು.

ಮೊದಲು ಗೊತ್ತಾದದ್ದು ಬೆಂಚುಗಳಿಂದ. ಬೆಳಗ್ಗೆ ಬಂದು ನೋಡಿದರೆ ಸಿಮೆಂಟಿನ ಬೆಂಚಿನ ಮೇಲೆ ಬೆರಳುದ್ದದ ಕೆಂಪು ಗೆರೆ. ಮಕ್ಕಳ ಕೆಲಸ ಎಂದುಕೊಂಡು ತೊಳೆಸಿದೆ. ಮರುದಿನ ಇನ್ನಷ್ಟು. ಆಮೇಲೆ ಕಣ್ಣಾರೆ ಕಂಡೆ. ವಾಕಿಂಗಿಗೆ ಬಂದ ಬ್ಯಾಂಕಿನವರೊಬ್ಬರು ಅತ್ತಿತ್ತ ನೋಡಿ, ಬೇಲಿಯ ಹತ್ತಿರದಿಂದ ಒಂದು ಕಲ್ಲು ಎತ್ತಿ, ಅಂಗೈಯಲ್ಲಿ ತೂಗಿ, ಬೆಂಚಿಗೆ ತಿಕ್ಕಿದರು. ಕೆಂಪು ಗೆರೆ ಎದ್ದಿತು. ಅವರ ಮುಖವೂ ಹಾಗೇ ಕೆಂಪಾಯಿತು. ಕಲ್ಲು ಪ್ಯಾಂಟಿನ ಜೇಬು ಸೇರಿತು. ತಿಕ್ಕಿದರೆ ಕೆಂಪು ಗೆರೆ ಬಂದರೆ ಅದಿರು, ಈ ಪರೀಕ್ಷೆ ಅಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಒಂದನ್ನು ಮಾತ್ರ ಎಲ್ಲರೂ ಮರೆತಿದ್ದರು. ಲಾರಿಗಳ ಧೂಳು ಎಲ್ಲದರ ಮೇಲೂ ಕೂತಿತ್ತು. ಆ ಪಾರ್ಕಿನಲ್ಲಿ ಇಟ್ಟಿಗೆ ತಿಕ್ಕಿದರೂ ಕೆಂಪು, ಗಾಜು ತಿಕ್ಕಿದರೂ ಕೆಂಪು, ನನ್ನ ಊಟದ ಡಬ್ಬಿ ತಿಕ್ಕಿದರೂ ಅದಿರೇ.

ನಗು ಬಂತು, ಆದರೆ ಹೆಚ್ಚು ದಿನ ಉಳಿಯಲಿಲ್ಲ. ಬೇಲಿಯ ಮುಳ್ಳು ಒಂದೊಂದು ಕಡೆ ಸರಿಯತೊಡಗಿತು. ಆಫೀಸಿನಲ್ಲಿ ನಾನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ಮನೆ ಮಾಲೀಕರ ಹೆಂಡತಿ ಎಂದೂ ಇಲ್ಲದೆ ಹೋಳಿಗೆ ತಂದುಕೊಟ್ಟು, "ನಿಮ್ಮೋರು ಯಾರ್ರಿ, ಬಳ್ಳಾರ್ಯೋರಾ?" ಎಂದು ಕೇಳಿದರು. ನಾನು ಹುಲಿಗೆಮ್ಮನ ಮೇಲೂ ಕಣ್ಣಿಟ್ಟೆ. ಗೇಟಿನಲ್ಲಿ ಅವಳು ಯಾರ ಜೊತೆಗಾದರೂ ನಿಂತರೆ ಗಿಡದ ಮರೆಯಿಂದ ಕಿವಿಗೊಡುತ್ತಿದ್ದೆ. ಅವಳು ಬರೀ ತನ್ನ ಸೊಸೆಯನ್ನು ಬೈಯುತ್ತಿದ್ದಳು.

ರಾಯರು ಒಂದು ಸಂಜೆ ನೇರವಾಗಿ ಬಂದು ನನ್ನೆದುರು ಕೂತರು. ಛತ್ರಿಯನ್ನು ಎರಡು ಕಾಲಿನ ನಡುವೆ ಊರಿ, ಮೆಲುದನಿಯಲ್ಲಿ, "ಬೇಲಿ ಯಾರು ಹಾಕಿಸ್ಯಾರವಾ?" ಎಂದರು.

"ನಾನೇ. ಕಾಮಗಾರಿ ಇದೆ."

"ಕಾಮಗಾರಿ ಎಲ್ಲದ? ಒಬ್ಬ ಮೇಸ್ತ್ರಿ ಇಲ್ಲ, ಒಂದು ಬುಟ್ಟಿ ಮರಳಿಲ್ಲ."

"ಬರ್ತಾರೆ."

ಅವರು ನನ್ನ ಮುಖವನ್ನು ಕಲ್ಲು ನೋಡುವ ಹಾಗೆ ನೋಡಿದರು. "ನಾ ಅಲ್ಲಿಯ ಕಲ್ಲು ಮನೀಗೆ ಒಯ್ದು ನೋಡೀನಿ. ಅಲ್ಲಿ ಅದಿರು ಇಲ್ಲ. ನಿಮಗೂ ಅದು ಗೊತ್ತದ. ಅದಿರಿಲ್ಲದ ಜಾಗಾಕ್ಕ ಬೇಲಿ ಯಾಕ ಅಂತ ನನಗ ಭಾಳ ಯೋಚನೀ ಆಗೇದ. ಹಂಪಿ ಕಡೆ ಗುಡಿ ಅಗೀತಾರಲ್ಲ, ನಿಧೀ ಮಂದಿ, ಅವರ ಪೈಕಿ ಅಲ್ಲಲಾ ನೀವು?"

ಸಿಟ್ಟು ನೆತ್ತಿಗೇರಿತು. ಅಷ್ಟೇ ಭಯವೂ ಆಯಿತು. ನಿಧಿಯ ಮಾತು ಅವರ ಬಾಯಿಗೆ ಅಷ್ಟು ಸಲೀಸಾಗಿ ಹೇಗೆ ಬಂತು? ಗೂಬೆಯ ವಿಷಯ ಇವರಿಗೆ ಗೊತ್ತಾಗಿದೆ, ನನ್ನ ಬಾಯಿಂದ ಹೊರಡಿಸಲು ಬಂದಿದ್ದಾರೆ ಎಂದು ಖಾತ್ರಿಯಾಯಿತು. "ವಯಸ್ಸಾದವರು, ಏನೂ ಅನ್ನಬಾರದು ಅಂತ ಸುಮ್ಮನಿದೀನಿ" ಎಂದು ಎದ್ದುಬಂದೆ.

ಶಿವರಾತ್ರಿಯ ಹೊತ್ತಿಗೆ ಬಿಸಿಲು ಕಾಯತೊಡಗಿತು. ಮರಿಗಳು ಬೆಳೆದು ಬೆಕ್ಕಿನಷ್ಟಾಗಿ, ಮಾಡಿನಿಂದ ಇಳಿದು ಬಂಡೆಯ ಬುಡದ ಕಂಟಿಯಲ್ಲಿ ಕೂರುತ್ತಿದ್ದವು. ರೆಕ್ಕೆ ಬಡಿಯುತ್ತಿದ್ದವೇ ಹೊರತು ಹಾರಲು ಬರುತ್ತಿರಲಿಲ್ಲ. ಹತ್ತಿರ ಹೋದರೆ ಕೊಕ್ಕು ಕಟಕಟ ಎನ್ನಿಸಿ ದೊಡ್ಡವರ ಹಾಗೆ ಹೆದರಿಸುತ್ತಿದ್ದವು. ಮೇಲೆ ಇದ್ದಾಗಲೇ ವಾಸಿಯಿತ್ತು. ಈಗ ಯಾರು ಬೇಕಾದರೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬಹುದಿತ್ತು.

ಅಂಥ ಒಂದು ಭಾನುವಾರ ಬೆಳಗ್ಗೆ ಎಲೆ ತೊಳೆಯುತ್ತಿದ್ದಾಗ ಜೆಸಿಬಿ ಬಂತು. ಜೊತೆಗೆ ಕೊಟ್ರೇಶ. ಒಂದು ಕಾಲಕ್ಕೆ ನಮ್ಮ ಗೇಟಿನ ಮುಂದೆಯೇ ಮಿರ್ಚಿ ಕರಿಯುತ್ತಿದ್ದವನು, ಆಗ ಟಿಪ್ಪರ್‌ಗಳ ಮಾಲೀಕ. ಬಿಳಿ ಬಟ್ಟೆ, ಬಿಳಿ ಚಪ್ಪಲಿ. ಅವನ ಹಿಂದೆ ವಾಕಿಂಗಿನವರೆಲ್ಲ ಗುಂಪುಗೂಡಿ ಬಂದರು. ಯಾರೂ ಯಾರನ್ನೂ ಒಂದು ಹೆಜ್ಜೆ ಮುಂದೆ ಬಿಡುತ್ತಿರಲಿಲ್ಲ.

"ಮಕ್ಕಳಿಗೆ ಆಡಾಕ ಜಾಗ ಸಮ ಮಾಡಿಕೊಡ್ತೀನ್ರಿ ಮೇಡಂ. ಪುಗಸಟ್ಟೆ" ಅಂದ ಕೊಟ್ರೇಶ. "ಮ್ಯಾಲಿನೋರಿಗೆ ಹೇಳೀನಿ. ನೀವು ಬೇಲಿ ತಗಸ್ರಿ."

"ಆದೇಶ ತನ್ನಿ, ತೆಗೆಸ್ತೀನಿ."

"ನೀವು ಬೇಲಿ ಹಾಕಾಕ ಆದೇಶ ಐತೇನ್ರಿ?" ಅವನು ನಗುತ್ತಲೇ ಕೇಳಿದ. ಗುಂಪಿನಲ್ಲಿ ಯಾರೋ, ಅದನ್ನ ಕೇಳ್ರಿ ಮೊದಲು, ಅಂದರು. ಜೆಸಿಬಿ ಗುರ್ರೆಂದು ಸುಣ್ಣದ ಗೆರೆಯವರೆಗೆ ಬಂದು ನಿಂತಿತು. ಮರಿಗಳು ಕೂತಿದ್ದ ಕಂಟಿ ಅದರ ಬಾಯಿಂದ ಎರಡು ಮಾರು ದೂರದಲ್ಲಿತ್ತು. ನಿಜ ಹೇಳಿದರೆ ಮರಿಗಳು ಹೋದವು, ಹೇಳದಿದ್ದರೂ ಹೋದವು.

ಆಗ ರಾಯರು ಛತ್ರಿ ಎತ್ತಿದರು. "ಕೊಟ್ರೇಶಾ, ಎಣ್ಣಿ ಸುಟ್ಟುಕೋಬ್ಯಾಡ. ಅಲ್ಲಿ ಏನೂ ಇಲ್ಲ."

"ನೀವು ಹಂಗ ಅಂತೀರಂತ ನನಗ ಗೊತ್ತಿತ್ರಿ ರಾಯ್ರೇ" ಅಂದ ಕೊಟ್ರೇಶ, ನಗು ನಿಲ್ಲಿಸಿ. "ಯಾರ ಕಡಿಂದ ಹೇಳಾಕತ್ತೀರಿ?"

ರಾಯರು ನನ್ನ ಕಡೆ ತಿರುಗಿ, "ಆ ಪೈಪು ಈ ಕಡೆ ಹಿಡೀರಿ" ಎಂದರು. ಅವರು ಏನು ತೋರಿಸಹೊರಟಿದ್ದಾರೆ ಎಂದು ನನಗೆ ಅರ್ಥವಾಯಿತು. ನಾನು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಎದುರಿನ ಬಂಡೆಗೆ ನೀರು ಬಿಟ್ಟೆ. ದಿನಾ ಎಲೆ ತೊಳೆದ ಕೈ, ಬಂಡೆಯನ್ನು ಎಂದೂ ತೊಳೆದಿರಲಿಲ್ಲ. ಕೆಂಪು ನೀರು ಸುಣ್ಣದ ಗೆರೆ ದಾಟಿ ಕೊಟ್ರೇಶನ ಬಿಳಿ ಚಪ್ಪಲಿಯವರೆಗೆ ಹರಿಯಿತು. ಬಂಡೆ ಮೆಲ್ಲಗೆ ತನ್ನ ಬಣ್ಣಕ್ಕೆ ಬಂತು. ಬೂದು, ನಡುನಡುವೆ ತಿಳಿ ಗುಲಾಬಿ ಚುಕ್ಕೆ. ಹಂಪಿಯ ಮಂಟಪದ ಕಂಬಕ್ಕೆ ಹಾಕಿದ ಅದೇ ಕಲ್ಲು. ಕೊಟ್ರೇಶ ಅದರ ಒಂದು ಚೂರು ಎತ್ತಿ, ಬೆಂಚಿನ ತೊಳೆದ ಜಾಗಕ್ಕೆ ತಿಕ್ಕಿದ. ಏನೂ ಬರಲಿಲ್ಲ. ಇನ್ನೂ ಒಮ್ಮೆ ತಿಕ್ಕಿದ. ಬ್ಯಾಂಕಿನವರು ಜೇಬಿನಿಂದ ತಮ್ಮ ಕಲ್ಲು ತೆಗೆದು ಸದ್ದಿಲ್ಲದೆ ಕೆಳಗೆ ಬಿಟ್ಟರು.

ಮುಗಿಯಿತು ಎಂದುಕೊಂಡೆ. ಕೊಟ್ರೇಶ ಕೈ ಒರೆಸಿಕೊಂಡು ಕೇಳಿದ: "ಹಂಗಾರ ಬೇಲಿ ಯಾಕ್ರಿ ಮೇಡಂ?"

ಅಷ್ಟೂ ಜನ ನನ್ನ ಕಡೆ ತಿರುಗಿದರು. ರಾಯರು ಎಲ್ಲರಿಗಿಂತ ಮೊದಲು. ಏನು ಹೇಳುತ್ತಿದ್ದೆನೋ ಇವತ್ತಿಗೂ ಗೊತ್ತಿಲ್ಲ. ಡ್ರೈವರು ಯಾರೂ ಹೇಳದೆ ಜೆಸಿಬಿಯನ್ನು ಒಮ್ಮೆ ಜೋರಾಗಿ ಗುರ್ರೆನ್ನಿಸಿದ. ಮೇಲಿನ ಮಾಡಿನಿಂದ ತಾಯಿ ಗೂಬೆ ಎದ್ದಿತು. ಹಾಡುಹಗಲು, ಅಷ್ಟು ಅಗಲದ ರೆಕ್ಕೆ, ಚೂರೂ ಸದ್ದಿಲ್ಲ. ಕೊಟ್ರೇಶನ ತಲೆಯ ಮೇಲೆಯೇ ಹಾದು, ಜೆಸಿಬಿಯ ಎತ್ತಿದ ಕೈಯ ಮೇಲೆ ಒಂದು ಗಳಿಗೆ ಕೂತು, ಕಿತ್ತಳೆ ಕಣ್ಣು ಪೂರ್ತಿ ಬಿಟ್ಟು ಅವನನ್ನೇ ನೋಡಿತು. ಆಮೇಲೆ ಗುಡ್ಡದ ಆಚೆ ಹೋಯಿತು.

"ಗೂಗಿ" ಎಂದು ಯಾರೋ ಪಿಸುಗುಟ್ಟಿದರು. ಡ್ರೈವರು ಯಂತ್ರ ಆರಿಸಿ ಕೆಳಗಿಳಿದುಬಿಟ್ಟ. ಕೊಟ್ರೇಶನ ಮುಖ ಬೆಳ್ಳಗಾಗಿತ್ತು. ಹೊಸ ಗಾಡಿಗೆ ಪೂಜೆ ಇಟ್ಟುಕೊಂಡಿದ್ದನಂತೆ. "ಜಲ್ದಿ ಹಿಂದಕ ತಗಿಲೇ" ಎಂದು ಡ್ರೈವರನಿಗೆ ಹೇಳಿ, ತಾನು ಅದಕ್ಕೂ ಕಾಯದೆ ಗೇಟಿನ ಕಡೆ ನಡೆದ. ಜನ ಒಬ್ಬೊಬ್ಬರಾಗಿ ಕರಗಿದರು.

ಹುಲಿಗೆಮ್ಮ ನನ್ನ ಪಕ್ಕ ಬಂದು, "ಈಗ ಚೀಲದೋರು ಬರ್ತಾರ ನೋಡ್ರಿ. ಅಮಾಸಿ ಹತ್ರ ಐತಿ" ಅಂದಳು.

ಅಲ್ಲಿಂದ ಕಾವಲು ಶುರುವಾಯಿತು. ಬೆಳಕು ಹರಿದಾಗಿನಿಂದ ದೀಪ ಹಚ್ಚುವವರೆಗೆ ಬೇಲಿಯ ಬಳಿ ಯಾರಾದರೂ ಇರಲೇಬೇಕು. ಕತ್ತಲಾದ ಮೇಲೆ ಗೇಟಿಗೆ ಬೀಗ, ಒಳಗೆ ತಾಯಿಯದೇ ಪಹರೆ. ನಾನು ಕೂತೆ. ರಾಯರು ಕುಡಿಯುವ ನೀರಿನ ತಂಬಿಗೆ ಸಮೇತ ಬಂದು ತಾವೂ ಕೂತರು. ಬೇಡ ಎಂದರೂ ಏಳಲಿಲ್ಲ. ಇವರು ಮರಿಗಳಿಗಾಗಿಯೇ ಬಂದಿದ್ದಾರೆ ಎಂದು ನಾನು ಎದ್ದು ಹೋಗಲು ಹೆದರಿದೆ. ನಾನು ನಿಧಿಯವಳಲ್ಲ ಎಂದು ರಾಯರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ, ಹಾಗಾಗಿ ಅವರೂ ಏಳಲಿಲ್ಲ. ನಮ್ಮಿಬ್ಬರನ್ನೂ ನಂಬದ ಹುಲಿಗೆಮ್ಮ ಕೆಲಸ ಮುಗಿದ ಮೇಲೂ ಪೊರಕೆ ಹಿಡಿದು ಅಲ್ಲಿಯೇ ಗುಡಿಸುತ್ತಿದ್ದಳು. ನಾವು ಮೂವರೂ ಗೂಬೆ ಮರಿಗಳಿಗಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ಕಾಯುತ್ತಿದ್ದೆವು. ಅಷ್ಟು ಬಿಗಿಯಾದ ಕಾವಲನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಮಾವಾಸ್ಯೆಯ ಸಂಜೆ ಇಬ್ಬರು ಅಪರಿಚಿತರು ಚೀಲ ಹಿಡಿದು ಬೇಲಿಯವರೆಗೆ ಬಂದರು. ಸಾಲಾಗಿ ಕೂತ ಮೂರು ಸಿಡುಕು ಮುಖ ನೋಡಿ, ಮೂತ್ರಖಾನೆ ಎಲ್ಲಿದೆ ಎಂದು ಕೇಳಿ ಹೊರಟುಹೋದರು.

ಒಂದು ಸಂಜೆ ರಾಯರು ತಂಬಿಗೆ ನನ್ನ ಕಡೆ ಸರಿಸಿ, "ಕುಡೀರಿ, ವಿಷ ಹಾಕಿಲ್ಲ" ಎಂದರು. ಆಮೇಲೆ ಗುಡ್ಡ ನೋಡುತ್ತ, "ಇಡೀ ಆಯುಷ್ಯ ಬೆಟ್ಟಾ ಒಡದು ಅದರಾಗ ಎಷ್ಟು ಕಬ್ಬಿಣ ಅದ ಅಂತ ಹೇಳೀನಿ. ಒಳಗ ಯಾರು ಇದ್ದರು ಅಂತ ಯಾರೂ ಕೇಳಲಿಲ್ಲ, ನಾನೂ ನೋಡಲಿಲ್ಲ" ಎಂದರು. ನಾನು ನೀರು ಕುಡಿದೆ. ಆದರೂ ಅವರಿಗಿಂತ ಮೊದಲು ಎದ್ದು ಹೋಗಲಿಲ್ಲ.

ಯುಗಾದಿಯ ಮುಂಚೆ ದೊಡ್ಡ ಮರಿ ಹಾರಿತು. ಹಾರಿತು ಎನ್ನುವುದಕ್ಕಿಂತ ಬಂಡೆಯಿಂದ ಬಿದ್ದು, ನೆಲ ಮುಟ್ಟುವ ಮೊದಲು ಏನೋ ನೆನಪಾದಂತೆ ಮೇಲಕ್ಕೆದ್ದಿತು. ಚಿಕ್ಕದು ಅದರ ಮರುದಿನ. ಹುಲಿಗೆಮ್ಮ ಪೊರಕೆ ಕೆಳಗಿಟ್ಟು ಅತ್ತಳು, ನಾನೂ ಅತ್ತೆ. ಮಳೆಗಾಲಕ್ಕೆ ನನಗೆ ವರ್ಗವಾಯಿತು. ಕಾರಣ ಯಾರೂ ಹೇಳಲಿಲ್ಲ. ನನ್ನ ಅನುಮಾನ ನನಗಿದೆ.

ಈಗ ಆ ಪಾರ್ಕಿಗೆ ಹೊಸ ಗೇಟು ಬಂದಿದೆ. ಲಾರಿಗಳು ಕಡಿಮೆ. ರಾಯರು ಹೋಗಿ ಬಹಳ ಕಾಲವಾಯಿತು. ಹುಲಿಗೆಮ್ಮ ಬಂಡ್ರಿಯಲ್ಲಿ ಮಗನ ಮನೆಯಲ್ಲಿದ್ದಾಳಂತೆ. ಗುಡ್ಡದ ಮೂಲೆ ಮಾತ್ರ ಹಾಗೇ ಇದೆ. ಅಲ್ಲಿ ಹೆಜ್ಜೆ ಇಡಲು ಜನ ಇಂದಿಗೂ ಹಿಂದೇಟು ಹಾಕುತ್ತಾರೆ ಎಂದು ಕಾಣುತ್ತದೆ, ಕಾರೆ ಕಂಟಿ ಆಳೆತ್ತರ ಬೆಳೆದಿದೆ. ಬೆಂಚಿನ ಮೇಲೆ ಕೂತೆ. ಹೊತ್ತು ಇಳಿಯುತ್ತಿತ್ತು. ಬಂಡೆಗಳ ಒಳಗಿನಿಂದ ಆ ದನಿ ಬಂತು, ಆಳವಾದ ಎರಡೇ ಉಸಿರಿನ ಕೂಗು. ನಾನು ಎದ್ದು ನಿಂತು, ಕತ್ತು ಚಾಚಿ, ಮಾಡಿನ ಕಡೆ ನೋಡುತ್ತ ಉಳಿದೆ.

"ಏನ್ ನೋಡಾಕತ್ತೀರಿ ಅಮ್ಮಾ? ಅಲ್ಲೇನೈತಿ?"

ವಾಕಿಂಗಿಗೆ ಬಂದ ನಡುವಯಸ್ಸಿನ ಒಬ್ಬ, ಕೈಯಲ್ಲಿ ಮೊಬೈಲು. ನನ್ನ ನೋಟ ಹೋದ ಕಡೆಗೆ ಅವನೂ ಆಗಲೇ ಮೊಬೈಲು ಎತ್ತುತ್ತಿದ್ದ. ನಾನು ಥಟ್ಟನೆ ಬಗ್ಗಿ, ಕಾಲ ಬಳಿಯ ಒಂದು ಕಲ್ಲು ತೆಗೆದುಕೊಂಡೆ. ಅಂಗೈಯಲ್ಲಿ ತೂಗಿದೆ. ಬೆಂಚಿಗೆ ಗಟ್ಟಿಯಾಗಿ ತಿಕ್ಕಿ, ಕನ್ನಡಕ ಸರಿಮಾಡಿಕೊಂಡು ನೋಡಿದೆ.

ಅವನು ನಕ್ಕ. "ಅಯ್ಯ, ಆ ಕಾಲ ಮುಗೀತ್ರಿ ಅಮ್ಮಾ. ಇಲ್ಲಿ ಏನೂ ಸಿಗಂಗಿಲ್ಲ, ಮನಿಗ್ ಹೋಗ್ರಿ" ಎಂದು ಮೊಬೈಲು ಜೇಬಿಗೆ ಹಾಕಿಕೊಂಡು ಹುಲ್ಲುಹಾಸಿನ ಕಡೆ ಹೋದ. ಗುಡ್ಡದಲ್ಲಿ ಇನ್ನೊಂದು ಗೂಬೆ ಮೊದಲಿನದಕ್ಕೆ ಉತ್ತರ ಕೊಟ್ಟಿತು. ಅವನು ಗೇಟು ದಾಟುವವರೆಗೂ ನಾನು ಕಲ್ಲು ತಿಕ್ಕುತ್ತಲೇ ಇದ್ದೆ.